ನಲವತ್ತೊಂದನೇ ಚುಕ್ಕೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆಯವರಿಗೆಲ್ಲ ಅದು ಗೊತ್ತು, ಅತ್ತೆಗಂತೂ ಚೆನ್ನಾಗಿಯೇ ಗೊತ್ತು. ಆದರೂ ಆ ಭಾನುವಾರ ಮಧ್ಯಾಹ್ನ ಅವರು ನಡುಮನೆಯ ಆ ತುದಿಗೆ, ಚಪ್ಪಲಿ ಗೂಡಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಟೀವಿಯಲ್ಲಿ ನಾನು ಒಂದೊಂದು ಸ್ಲೈಡ್ ತೋರಿಸಿದ ಹಾಗೂ "ಕಾಣಲ್ಲ, ಮುಂದಿಂದು" ಅನ್ನುತ್ತಾ ಹೋದರು.

ಮಾರನೇ ದಿನ ಬೆಳಗ್ಗೆ ಹನ್ನೊಂದೂವರೆಗೆ ಲಿಫ್ಟ್ ಎಂಜಿನಿಯರುಗಳ ಸಮ್ಮೇಳನದಲ್ಲಿ ನನ್ನ ಭಾಷಣ. ಹದಿನೈದು ನಿಮಿಷ, ಅಷ್ಟೇ. ಲಿಫ್ಟಿನ ಬ್ರೇಕು ಎಷ್ಟು ಸವೆದಿದೆ ಅಂತ, ಅದನ್ನು ಬಿಚ್ಚಿ ನೋಡದೆ, ಲಿಫ್ಟು ನಿಲ್ಲುವ ರೀತಿಯಿಂದಲೇ ಹೇಳುವ ಪ್ರೋಗ್ರಾಂ ಒಂದನ್ನು ನಮ್ಮ ಐದು ಜನರ ತಂಡ ಮೂರು ವರ್ಷ ಒದ್ದಾಡಿ ಮಾಡಿತ್ತು. ಅದನ್ನು ನಂಬಿ ಕಂಪನಿ ಆಗಲೇ ಕೆಲವು ಕಟ್ಟಡಗಳಲ್ಲಿ ಬ್ರೇಕು ಬಿಚ್ಚಿ ನೋಡುವುದನ್ನು ನಿಲ್ಲಿಸಿತ್ತು. ಈ ಭಾಷಣ ಚೆನ್ನಾಗಿ ಆದರೆ ಪ್ರೋಗ್ರಾಂ ಎಲ್ಲ ಕಡೆಗೂ ಹೋಗುತ್ತೆ, ಮುಗ್ಗರಿಸಿದರೆ ತಂಡವನ್ನೇ ಮುಚ್ಚುತ್ತಾರೆ ಅಂತ ಆಫೀಸಿನಲ್ಲಿ ಗುಸುಗುಸು.

ಅತ್ತೆ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ಲಿಫ್ಟಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಗುಂಡಿ ಒತ್ತುವುದಷ್ಟೇ. ಆದರೆ ಹಿಂದಿನ ಬೆಂಚಿನವರಿಗೆ ಏನು ಕಾಣುತ್ತೆ, ಯಾವಾಗ ಆಕಳಿಕೆ ಬರುತ್ತೆ ಅನ್ನೋದನ್ನ ಅವರ ಹತ್ತಿರ ಕೇಳಬೇಕು. ಊಟಕ್ಕೆ ಮುಂಚೆ ಇಪ್ಪತ್ತೆಂಟಿದ್ದ ಸ್ಲೈಡುಗಳು ಆಗ ಹದಿನಾಲ್ಕಕ್ಕೆ ಇಳಿದಿದ್ದವು. ಎಂಟು ಸಾಲಿದ್ದ ಕಡೆ ಒಂದು ಸಾಲು. ಪರದೆ ಮೇಲಿರೋದನ್ನೇ ಓದೋದಾದರೆ ನೀನ್ಯಾಕೆ ಹೋಗಬೇಕು, ಕಾಗದ ಹಂಚಿ ಮನೆಗೆ ಬಾ ಅಂದರು. ಮೈಯೆಲ್ಲ ಉರಿದುಹೋಯಿತು. ಅವರು ಹೇಳಿದ್ದು ಸರಿ ಅಂತ ಗೊತ್ತಿದ್ದದ್ದಕ್ಕೆ ಇನ್ನೂ ಜಾಸ್ತಿ ಉರಿಯಿತು.

ಒಂಬತ್ತನೇ ಸ್ಲೈಡಿನಲ್ಲಿ ಒಂದೇ ಒಂದು ಗ್ರಾಫು. ಒಂದೊಂದು ಲಿಫ್ಟಿಗೂ ಒಂದೊಂದು ಚುಕ್ಕೆ. ಅಡ್ಡಕ್ಕೆ ಬ್ರೇಕು ಎಷ್ಟು ಉಳಿದಿದೆ ಅಂತ ಪ್ರೋಗ್ರಾಂ ಹೇಳಿದ ಲೆಕ್ಕ, ಉದ್ದಕ್ಕೆ ಮೆಕ್ಯಾನಿಕ್ ಬ್ರೇಕು ಬಿಚ್ಚಿ ಕೈಯಾರೆ ಅಳೆದ ಲೆಕ್ಕ. ಎರಡೂ ತಾಳೆಯಾದರೆ ಚುಕ್ಕೆಗಳು ಒಂದೇ ಗೆರೆ ಹಿಡಿದು ಮೇಲಕ್ಕೆ ಹೋಗುತ್ತವೆ, ಹಾಗೇ ಹೋಗಿದ್ದವು. ಅತ್ತೆ ಮೊದಲ ಸಲ ಕನ್ನಡಕ ಹಾಕಿಕೊಂಡು ಎದ್ದು ಬಂದರು. ಮೆಚ್ಚಿಕೊಳ್ಳೋಕೆ ಬಂದರು ಅಂದುಕೊಂಡೆ. ಅವರು ಬೆರಳಿಟ್ಟು ಚುಕ್ಕೆ ಎಣಿಸತೊಡಗಿದರು.

"ಎಷ್ಟು ಲಿಫ್ಟು ಅಂದೆ?"

"ನಲವತ್ತೊಂದು."

"ಇಲ್ಲಿ ನಲವತ್ತೇ ಇದೆಯಲ್ಲಮ್ಮ."

ನಲವತ್ತೊಂದನೇದು ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಯಾವ ಬಣ್ಣ ಯಾವ ಮಾದರಿ ಲಿಫ್ಟು ಅಂತ ವಿವರಿಸುವ ಒಂದು ಪುಟ್ಟ ಚೌಕ ಗ್ರಾಫಿನ ಬಲಗಡೆ ಕೆಳಮೂಲೆಯಲ್ಲಿತ್ತು. ಆ ಚುಕ್ಕೆ ಅದರ ಅಡಿಯಲ್ಲಿತ್ತು. ಆ ಲಿಫ್ಟಿಗೆ ನಮ್ಮ ಪ್ರೋಗ್ರಾಂ ಬ್ರೇಕು ಮುಕ್ಕಾಲು ಭಾಗ ಉಳಿದಿದೆ ಅಂದಿತ್ತು. ಬಿಚ್ಚಿ ನೋಡಿದ ಮೆಕ್ಯಾನಿಕ್ ಪೂರ್ತಿ ಸವೆದಿದೆ ಅಂತ ಬರೆದು, ಅವತ್ತೇ ಹೊಸದು ಹಾಕಿದ್ದರು. ಅವರು ಬರೆಯೋವಾಗ ತಪ್ಪು ಮಾಡಿರಬೇಕು ಅಂದುಕೊಂಡೆ. ಒಂದು ಫೋನ್ ಮಾಡಿ ಕೇಳಲಿಲ್ಲ. ಅದೇ ವಾರ ಆಫೀಸಿನಲ್ಲಿ ಸ್ಲೈಡು ನೋಡಿದ ಬಾಸು ಒಂಬತ್ತನೇದು ಗಿಜಿಗಿಜಿ ಅಂತಿದೆ, ಚೊಕ್ಕ ಮಾಡಿ ಅಂದಿದ್ದರು. ಅವರು ಹೇಳಿದ್ದು ಬಣ್ಣಗಳ ಬಗ್ಗೆ. ನಾನು ಚೌಕವನ್ನು ಆ ಮೂಲೆಗೆ ಎಳೆದೆ. ಅಳಿಸಿಲ್ಲವಲ್ಲ, ಅಲ್ಲೇ ಇದೆಯಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸ್ಲೈಡು ನೋಡಿ ಅಂದರೆ ಚುಕ್ಕೆ ಎಣಿಸ್ತಾ ಕೂತರೆ ಹೇಗೆ ಅಂತ ಅತ್ತೆ ಮೇಲೆ ಹರಿಹಾಯ್ದೆ. ಕನ್ನಡಕ ಮಡಚಿಕೊಂಡು ಅಡುಗೆಮನೆ ಕಡೆ ಹೊರಟವರು ಬಾಗಿಲಲ್ಲಿ ನಿಂತರು.

"ಎಣಿಸೋರು ಅಲ್ಲೂ ಒಬ್ಬರಾದರೂ ಇರ್ತಾರೆ. ಇಲ್ಲದಿದ್ದರೆ ಇನ್ನೂ ಕಷ್ಟ."

ರಾತ್ರಿ ಆ ಲಿಫ್ಟಿನ ಕಡತ ತೆಗೆದು ನೋಡಿದೆ, ಅದರ ಬ್ರೇಕು ಬೇರೆಯೇ ಮಾದರಿಯದು; ಮಾರನೇ ದಿನ ಅದನ್ನೇ ಯೋಚಿಸುತ್ತಾ ಹೋದೆ. ಸಮ್ಮೇಳನದ ಸಭಾಂಗಣದ ಹಿಂದೆ ಭಾಷಣಕಾರರಿಗೆ ಅಂತ ಒಂದು ಸಣ್ಣ ಕೋಣೆ, ಅಲ್ಲಿ ನಾಲ್ಕು ಕಂಪ್ಯೂಟರು. ಏನೇ ಬದಲಾಯಿಸೋದಿದ್ದರೂ ಹನ್ನೊಂದರ ಒಳಗೆ, ಆಮೇಲೆ ಮುಟ್ಟೋ ಹಾಗಿಲ್ಲ ಅಂತ ಮೇಜಿನ ಹಿಂದಿದ್ದ ಹೆಂಗಸು ಮುಖ ಎತ್ತದೇ ಹೇಳಿದಳು. ಆಗಲೇ ಹತ್ತು ಐವತ್ತು. ಒಂಬತ್ತನೇ ಸ್ಲೈಡು ತೆಗೆದು ಕೂತೆ. ನಾಲ್ಕು ಜನ ಜೊತೆಗಾರರ ಮುಖ ಕಣ್ಣ ಮುಂದೆ ಬಂತು. ಅವರಲ್ಲಿ ಒಬ್ಬ ಮೊನ್ನೆ ತಾನೇ ಮನೆ ಬದಲಾಯಿಸಿದ್ದ, ಆಫೀಸಿಗೆ ಹತ್ತಿರ ಆಗಲಿ ಅಂತ. ಐದು ನಿಮಿಷ ಸುಮ್ಮನೆ ಹೋಯಿತು.

ಕೊನೆಗೆ ಚೌಕವನ್ನು ಎಳೆದು ಮೇಲಿಟ್ಟೆ. ಖಾಲಿ ಮೂಲೆಯಲ್ಲಿ ಚುಕ್ಕೆ ಒಂಟಿಯಾಗಿ ಕೂತಿತ್ತು. ಕಡೇ ಸಾಲಿಗೂ ಕಾಣಲಿ ಅಂತ ದೊಡ್ಡದು ಮಾಡಿದೆ, ಕೆಂಪು ಬಣ್ಣ ಬಳಿದೆ. ಉಳಿದ ಅಕ್ಷರವನ್ನೆಲ್ಲ ತೆಗೆದು ಒಂದೇ ಸಾಲು ಬರೆದೆ: "ಇಲ್ಲಿ ನಮ್ಮ ಪ್ರೋಗ್ರಾಂ ತಪ್ಪು ಹೇಳಿತು." ಉಳಿಸಿದಾಗ ಹತ್ತು ಐವತ್ತೆಂಟು.

ಸಭಾಂಗಣದಲ್ಲಿ ಮುನ್ನೂರು ಜನ. ಎರಡನೇ ಸಾಲಿನಲ್ಲಿ ಬಾಸು, ಪಕ್ಕದಲ್ಲೇ ನಮ್ಮ ತಂಡ. ಮೊದಲ ಎಂಟು ಸ್ಲೈಡು ನೀರು ಕುಡಿದ ಹಾಗೆ ಹೋದವು. ಒಂಬತ್ತನೇದು ಬಂತು. ಜನ ಅದನ್ನು ಓದಲಿ ಅಂತ ಸುಮ್ಮನೆ ನಿಂತೆ. ಹತ್ತಿಪ್ಪತ್ತು ಫೋನುಗಳು ಫೋಟೋ ತೆಗೆಯೋಕೆ ಮೇಲೆದ್ದವು. ಆ ಲಿಫ್ಟಿನದು ಬೇರೆ ಮಾದರಿಯ ಬ್ರೇಕು, ಅದು ಸವೆದರೂ ಲಿಫ್ಟು ನಿಲ್ಲುವ ರೀತಿ ಬದಲಾಗದೇ ಇರಬಹುದು, ಅಂಥ ಕಡೆ ನಮ್ಮ ಪ್ರೋಗ್ರಾಂ ನಂಬುವ ಹಾಗಿಲ್ಲ ಅಂದೆ. ಬಾಸು ತಟ್ಟನೆ ಎದ್ದು, ಬಗ್ಗಿಕೊಂಡು, ಜನರ ಕಾಲು ದಾಟಿ ಹೊರಗೆ ಹೋಗಿಬಿಟ್ಟರು. ಜೊತೆಗಾರರು ನನ್ನ ಮುಖ ನೋಡಲಿಲ್ಲ.

ಮುಗೀತು ನಮ್ಮ ಕಥೆ ಅಂದುಕೊಂಡೇ ಉಳಿದದ್ದನ್ನು ಮುಗಿಸಿದೆ. ಆದರೆ ಚಪ್ಪಾಳೆ ನಿಲ್ಲಲೇ ಇಲ್ಲ. ಕೆಳಗಿಳಿದರೆ ಒಬ್ಬ ಹಿರಿಯರು ಕೈ ಹಿಡಿದುಕೊಂಡು, ಸ್ವಂತ ತಪ್ಪನ್ನು ಹೀಗೆ ಎದುರಿಗಿಡೋ ಧೈರ್ಯ ಯಾರಿಗಿದೆ ಅಂದರು. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಾಯಿತು. ಕೆಲಸ ಹೋದರೆ ಹೋಗಲಿ, ತಲೆ ಎತ್ತಿಕೊಂಡೇ ಹೋಗ್ತೀನಿ ಅನ್ನಿಸಿತು.

ಬಾಸು ಕಾರಿಡಾರಿನ ಕಿಟಕಿ ಹತ್ತಿರ ಫೋನಿನಲ್ಲಿದ್ದರು. ಕೈಯಲ್ಲೊಂದು ಕಾಗದ, ಅದರ ತುಂಬ ಗೀಚಿದ ನಂಬರುಗಳು. ಬೈಗುಳಕ್ಕೆ ಉತ್ತರ ಮಸೆದಿಟ್ಟುಕೊಂಡೇ ಹೋದೆ. ಅವರು ಫೋನ್ ಕೆಳಗಿಳಿಸಿ, ಆ ಮಾದರಿ ಬ್ರೇಕು ಇನ್ನೂ ಎಷ್ಟು ಲಿಫ್ಟುಗಳಲ್ಲಿದೆ ಗೊತ್ತಾ ಅಂದರು. ನನಗೆ ಗೊತ್ತಿರಲಿಲ್ಲ. ಹದಿಮೂರು, ಅದರಲ್ಲಿ ಎರಡು ಆಸ್ಪತ್ರೆ ಅಂದರು. ಪ್ರೋಗ್ರಾಂ ಇದೆಯಲ್ಲ ಅಂತ ಆ ಹದಿಮೂರರಲ್ಲೂ ಬಿಚ್ಚಿ ನೋಡೋದನ್ನ ನಿಲ್ಲಿಸಿಯಾಗಿತ್ತು.

"ನಿಮಗೆ ಯಾವಾಗ ಗೊತ್ತಾಯ್ತು?"

ನಿನ್ನೆ ಅಂತ ಹೇಳಬಹುದಿತ್ತು.

"ಮೂರು ವಾರ ಆಯ್ತು ಸರ್."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಇದು ಸ್ಲೈಡಲ್ಲಿ ಹೇಳೋ ವಿಷಯ ಅಲ್ಲಮ್ಮ. ಅವತ್ತೇ ಫೋನಲ್ಲಿ ಹೇಳಬೇಕಿತ್ತು."

ಕಾಗದವನ್ನು ಅರ್ಧಕ್ಕೆ ಹರಿದು ಒಂದು ತುಂಡು ನನ್ನ ಕೈಗೆ ಕೊಟ್ಟರು. ಮೊದಲನೇದೇ ಆಸ್ಪತ್ರೆ. ಆ ಕಡೆ ಫೋನ್ ಎತ್ತಿದವರು ಲಿಫ್ಟಿನ ಕಾವಲುಗಾರರು. ನಾನು ಯಾವ ಕಂಪನಿಯವಳು ಅಂತ ಹೇಳಿ, ನಿಮ್ಮ ಲಿಫ್ಟನ್ನ ಈಗಲೇ ನಿಲ್ಲಿಸಿ, ಯಾರನ್ನೂ ಹತ್ತಿಸಬೇಡಿ ಅಂದೆ.

"ಈಗ ತಾನೇ ಮೇಲೆ ಹೋಯ್ತಲ್ಲ ಮೇಡಂ. ಒಳಗೆ ಜನ ಇದ್ದಾರೆ."

ಅವರೆಲ್ಲ ಇಳಿಯೋವರೆಗೂ ಫೋನ್ ಇಡಬೇಡಿ ಅಂದೆ. ಕಾವಲುಗಾರರು ಇಡಲಿಲ್ಲ. ನಾನು ಕಿವಿಗೆ ಒತ್ತಿಕೊಂಡು ಗೋಡೆಗೆ ಒರಗಿ ನಿಂತೆ.