ಮಾತ್ರೆಯ ಊತ

ಜಂಗಮಕೋಟೆಯ ತನುಜಳಿಗೆ ಮದುವೆಯಾದ ವರ್ಷವೇ ಲೂಪಸ್ ಶುರುವಾಯಿತು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ ಅದು ಎಂದು ಬೆಂಗಳೂರಿನ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಬಿಸಿಲಿಗೆ ಹೋದರೆ ಕೆನ್ನೆ ಕೆಂಪಾಗಿ ಉರಿಯುತ್ತಿತ್ತು, ಕೀಲುಗಳು ಬಿಗಿಯುತ್ತಿದ್ದವು. ಹಾಗಾಗಿ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು ಗಂಡ ಗಂಗರಾಜುವಿನ ಪಾಲಿಗೆ, ಹುಳುಮನೆಯ ನೆರಳಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕುವುದು ಅವಳ ಪಾಲಿಗೆ ಬಂತು. ಊರವರಿಗೆ ಮಾತ್ರ ಅತ್ತೆ ಮುನಿಗಂಗಮ್ಮ, ಸೊಸೆಯದು ಉಷ್ಣದ ಮೈ ಎಂದಷ್ಟೇ ಹೇಳಿಕೊಂಡು ಬಂದಿದ್ದಳು.

ಕಾಯಿಲೆ ಕೆರಳುವುದು, ಅಡಗುವುದು, ಮತ್ತೆ ಕೆರಳುವುದು ನಡೆದೇ ಇತ್ತು. ಕೊನೆಗೊಮ್ಮೆ ಅಡಗಿದ್ದು ಬಹಳ ಕಾಲ ತಲೆ ಎತ್ತಲಿಲ್ಲ. ಮಾತ್ರೆ ಕಡಿಮೆಯಾಯಿತು. ಬರುವ ಯುಗಾದಿವರೆಗೆ ಹೀಗೇ ಇದ್ದರೆ ಮಗುವಿನ ಯೋಚನೆ ಮಾಡಬಹುದು ಎಂದು ಡಾಕ್ಟರಮ್ಮ ಹೇಳಿದ ದಿನ ಗಂಗರಾಜು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ತನ್ನಷ್ಟಕ್ಕೇ ನಗುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ತನುಜಳಿಗೆ ಕಾಫಿ ಲೋಟ ಹಿಡಿಯಲಾಗಲಿಲ್ಲ. ಚಳಿಗೆ ಹೀಗಾಗಿದೆ ಅಂದುಕೊಂಡಳು. ಮರುದಿನ ಪಾದಗಳು ಬಾತಿದ್ದವು. ನೆರಿಗೆ ಇಳಿಬಿಟ್ಟು ಮುಚ್ಚಿಕೊಂಡಳು. ಹುಳುಗಳು ಪೊರೆ ಬಿಟ್ಟು ಹಸಿದು ಕೂತಿದ್ದ ಕಾಲ. ಗಂಗರಾಜುವಿಗೆ ಹೆಂಡತಿಯ ಮುಖ ನೋಡಲೂ ಪುರುಸೊತ್ತಿರಲಿಲ್ಲ.

ಕಂಡುಹಿಡಿದವಳು ಮುನಿಗಂಗಮ್ಮ. ಮುದ್ದೆ ತಿರುವುತ್ತಿದ್ದ ಸೊಸೆಯ ಕೈಯಿಂದ ಕೋಲು ಜಾರಿತು. ಮುದುಕಿ ತಾನೇ ತಿರುವಿ ಪಾತ್ರೆ ಇಳಿಸಿದಳು. ಆಮೇಲೆ ಅವಳ ಕೈಯನ್ನು ಮಡಿಲಿಗೆಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನಿಜ ಆಗ್ಬಿಡ್ತದೆ ಅಂತ, ಅತ್ತೆ."

ನಿಜವೇ ಆಗಿತ್ತು. ಈ ಸಲ ಕಿಡ್ನಿಗೂ ತಾಗಿತ್ತು. ಸ್ಟೀರಾಯ್ಡ್ ಮಾತ್ರೆ ಏರಿತು. ಜೊತೆಗೆ ಕೊಟ್ಟ ಇನ್ನೊಂದು ಔಷಧಿ ತೆಗೆದುಕೊಳ್ಳುವಷ್ಟು ಕಾಲ ಬಸುರಾಗಲೇಬಾರದು ಎಂದು ಡಾಕ್ಟರಮ್ಮ ಎಚ್ಚರಿಸಿದರು. ಮನೆಯಲ್ಲಿ ಮಗುವಿನ ಮಾತನ್ನು ಯಾರೂ ಎತ್ತಲಿಲ್ಲ.

ಯುಗಾದಿ ಹೊತ್ತಿಗೆ ಮಾತ್ರೆಯಿಂದ ತನುಜಳ ಮುಖ ದುಂಡಗೆ ಊದಿ, ಹೊಟ್ಟೆ ಮುಂದೆ ಬಂದಿತ್ತು. ಹಬ್ಬದ ಒಬ್ಬಟ್ಟು ತಂದ ಪಕ್ಕದ ಬೀದಿಯ ಗಂಗುಲಮ್ಮ ಅವಳನ್ನು ನೋಡಿ, ಮುಖ ತುಂಬಿಕೊಂಡಿದೆ, ಎಷ್ಟು ತಿಂಗಳು ಎಂದು ಸಂತೋಷದಿಂದಲೇ ಕೇಳಿದಳು. ತನುಜ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಅತ್ತೆ ಎದ್ದು ಬಂದದ್ದು ಕಂಡು, ಉಷ್ಣ ಗಿಷ್ಣ ಎಂದು ಮಾತು ತೇಲಿಸುತ್ತಾಳೆ ಅಂದುಕೊಂಡಳು.

"ಬಸುರಲ್ಲ ಗಂಗುಲಮ್ಮ, ಅದು ಮಾತ್ರೆ ಊತ," ಎಂದಳು ಮುನಿಗಂಗಮ್ಮ. "ನಮ್ಮ ಹುಡುಗಿಗೆ ಕಾಯಿಲೆ ಅದೆ. ಹೋಗ್ತದೆ, ಮತ್ತೆ ಬರ್ತದೆ. ಬಂದಾಗೆಲ್ಲ ಅದರ ಜೊತೆ ಗುದ್ದಾಡ್ತಾಳೆ. ಅದರಲ್ಲಿ ಮುಚ್ಚಿಡೋದು ಏನೂ ಇಲ್ಲ."

ಗಂಗುಲಮ್ಮ ತಬ್ಬಿಬ್ಬಾಗಿ, ತನುಜಳ ಭುಜವನ್ನೊಮ್ಮೆ ಸವರಿ ಹೊರಟುಹೋದಳು. ತನುಜ ಹುಳುಮನೆಗೆ ಹೋಗಿ ಅತ್ತಳು. ದುಃಖಕ್ಕೋ, ಎದೆ ಹಗುರಾದದ್ದಕ್ಕೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ಹಗಲು ಹೊತ್ತು ಕೊಡೆ ಹಿಡಿದು ಬೀದಿಯಲ್ಲಿ ಓಡಾಡತೊಡಗಿದಳು. ಕೇಳಿದವರಿಗೆ ಕಾಯಿಲೆಯ ಹೆಸರನ್ನೇ ಹೇಳಿದಳು.

ಮಳೆಗಾಲ ಕಳೆದು ಅವರೆಕಾಯಿ ಬರುವ ಹೊತ್ತಿಗೆ ಊತ ಇಳಿಯಿತು, ಪರೀಕ್ಷೆಗಳೂ ಸರಿಯಾಗಿ ಬಂದವು. ಇನ್ನು ಮತ್ತೆ ಬರುವುದಿಲ್ಲವಾ ಎಂದು ಗಂಗರಾಜು ಕೇಳಿದ. ಅದನ್ನು ಯಾರೂ ಹೇಳಲಾರರು, ಆದರೆ ವರ್ಷಗಟ್ಟಲೆ ಹೀಗೇ ನೆಮ್ಮದಿಯಾಗಿರುವವರೂ ಇದ್ದಾರೆ ಎಂದರು ಡಾಕ್ಟರಮ್ಮ. ಮಗುವಿನ ವಿಷಯಕ್ಕೆ ಇನ್ನೂ ಕಾಯಬೇಕಿತ್ತು. ಬಸ್ಸಿನಲ್ಲಿ ಅವನು ಅವಳ ಕೈ ಹಿಡಿದುಕೊಂಡ. ಇಳಿಯುವವರೆಗೂ ಬಿಡಲಿಲ್ಲ.

ಮನೆ ತಲುಪಿದಾಗ ಮುನಿಗಂಗಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಹೋಯ್ತು ಅಂದ್ರಾ?"

"ಹೋಗಿಲ್ಲ ಅತ್ತೆ. ಮಲಗಿದೆ, ಅಷ್ಟೇ."

"ಮಲಗ್ಲಿ ಬಿಡಮ್ಮ. ನಾವು ಮೆಲ್ಲಗೆ ಓಡಾಡಣ," ಎಂದು ಮುದುಕಿ ಮೊರವನ್ನು ಅವಳ ಕಡೆ ಸರಿಸಿದಳು.

ತನುಜ ಕಾಲು ಚಾಚಿ ಕೂತು ಕಾಯಿ ಸುಲಿಯತೊಡಗಿದಳು.