ಹದಿನೇಳೂವರೆ ಸಾಲು

ನಮ್ಮ ಅಂಗಡಿಯ ಬೋರ್ಡಿನ ಮೇಲೆ ‘ಗುರುಶಾಂತಮ್ಮ ಕೌದಿ ಹೊಲಿಗೆ’ ಎಂದು ದಪ್ಪ ಅಕ್ಷರದಲ್ಲೇ ಬರೆದಿದೆ. ಆದರೂ ಬೆಟ್ಟ ನೋಡಲು ಬಂದ ಕಾರಿನವರು ಆಗಾಗ ಗಾಜು ಇಳಿಸಿ, “ಹೋಳಿಗೆ ಬಿಸಿ ಇದೆಯಾ?” ಎಂದು ಕೇಳುವುದುಂಟು. “ಬಿಸಿ ಇದೆ ಸಾರ್, ಆದ್ರೆ ತಿನ್ನೋಕಾಗಲ್ಲ, ಹೊದ್ಕೋಬೇಕು” ಎನ್ನುತ್ತೇನೆ. ಅರ್ಥವಾದವರು ನಗುತ್ತಾರೆ, ಆಗದವರು ಮುಂದಿನ ಹೋಟೆಲಿಗೆ ಹೋಗುತ್ತಾರೆ.

ಅಂಗಡಿ ಇರುವುದು ಸಕಲೇಶಪುರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ. ಎರಡು ಮಂಚ ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲ, ಅಷ್ಟೇ ಅಗಲ. ಗುರುಶಾಂತಮ್ಮ ನನ್ನ ದೊಡ್ಡಮ್ಮ. ಜನ ಹಳೇ ಸೀರೆ, ಪಂಚೆ, ಅಂಗಿ ತಂದುಕೊಡುತ್ತಾರೆ. ದೊಡ್ಡಮ್ಮ ಅವನ್ನು ಚೌಕ ಚೌಕವಾಗಿ ಕತ್ತರಿಸಿ, ಮಷಿನ್ನಿನಲ್ಲಿ ತೇಪೆಗೆ ತೇಪೆ ಕೂಡಿಸುತ್ತಾಳೆ. ಆಮೇಲೆ ಒಳಗೆ ಹಳೇ ಬಟ್ಟೆಯ ಪದರ ಹಾಸಿ, ಈ ಅಂಚಿನಿಂದ ಆ ಅಂಚಿಗೆ ಕೈಯಲ್ಲಿ ಸಾಲು ಹೊಲಿಯಬೇಕು. ಆ ಸಾಲೇ ಕೌದಿಯ ಜೀವ. ಬಿ.ಎ. ಮುಗಿಸಿ ಬಂದು ಇಲ್ಲಿ ಕೂತ ಹೊಸದರಲ್ಲಿ, “ಬಿ.ಎ. ಅಂದ್ರೆ ಬಿಚ್ಚೋದು, ಅಂಟಿಸೋದು” ಎಂದು, ಬೇರೆಯವರು ಆಡಿಕೊಳ್ಳುವ ಮೊದಲೇ ನಾನೇ ಹೇಳಿಕೊಂಡು ನಗುತ್ತಿದ್ದೆ. ಈಗ ಆ ಮಾತು ಆಡುವುದಿಲ್ಲ.

ಸುಚಿತ್ರಾ ನಮ್ಮಲ್ಲಿಗೆ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಯಸಳೂರಿನಿಂದ ಆಚೆಗೆ ಅವಳ ಊರು. ಗಂಡ ಬೇರೆ ಮದುವೆ ಮಾಡಿಕೊಂಡ ಮೇಲೆ ಮಗಳು ದೀಪಶ್ರೀಯನ್ನು ಎತ್ತಿಕೊಂಡು ತಾಯಿ ಬೆಟ್ಟಮ್ಮನ ಮನೆಗೆ ಬಂದಿದ್ದಳು. ಬೆಳಗಿನ ಬಸ್ಸಿಗೆ ಬಂದು ಸಂಜೆ ನಾಲ್ಕೂವರೆಯ ಬಸ್ಸಿಗೆ ಹೋಗುತ್ತಿದ್ದಳು. ಕತ್ತರಿ ಕೆಲಸದಲ್ಲಿ ಚುರುಕು, ಸೂಜಿ ಹಿಡಿದರೆ ಮಾತ್ರ ದೇವರೇ ಗತಿ.

“ನಿನ್ನ ಸಾಲು ಯಸಳೂರ್ ರೋಡ್ ಇದ್ದಂಗೈತೆ ಕಣೆ. ಒಂದ್ ಕಡೆ ತಿರುವು, ಒಂದ್ ಕಡೆ ಗುಂಡಿ,” ಎಂದು ದೊಡ್ಡಮ್ಮ ಬೈದರೆ,

“ಅದ್ಕೇ ದೊಡ್ಡಮ್ಮ, ಹೊದ್ಕಂಡೋರಿಗೆ ಬಸ್ನಲ್ಲಿ ಕೂತಂಗೆ ತೂಕಡಿಕೆ ಬತ್ತದೆ,” ಎನ್ನುತ್ತಿದ್ದಳು.

ಅವಳ ಸಾಲು ಕೆಡುವುದರಲ್ಲಿ ನನ್ನ ಪಾಲೂ ಇತ್ತು. ನನಗೆ ಯಾರ ದನಿ ಕೇಳಿದರೂ ಅದನ್ನು ನನ್ನ ಗಂಟಲಲ್ಲಿ ಒಮ್ಮೆ ಹಾಕಿ ನೋಡುವ ಚಟ. ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ವೀರಭದ್ರಯ್ಯ ಕೌದಿ ಕೊಳ್ಳಲು ಬಂದರೆ ತೇಪೆಗಳನ್ನು ಕಾಫಿ ಮೂಟೆ ಎಣಿಸಿದ ಹಾಗೆ ಬೆರಳಿಟ್ಟು ಎಣಿಸಿ, “ಇದ್ರಲ್ಲಿ ಒಂದು ಶಾರ್ಟ್ ಐತಲ್ಲಮ್ಮಾ” ಎಂದು ಮೂಗಿನಲ್ಲಿ ಎಳೆಯುತ್ತಿದ್ದರು. ಅವರು ಗಲ್ಲಿ ದಾಟುವ ಮೊದಲೇ ನಾನು ಅವರಾಗುತ್ತಿದ್ದೆ. ಸುಚಿ ಸೂಜಿ ಹಿಡಿದೇ ಬಗ್ಗಿ ಬಗ್ಗಿ ನಗುತ್ತಿದ್ದಳು. “ಸಾಕು ಮಾರಾಯ್ತಿ, ಬೆರಳು ಚುಚ್ಕಂಡೆ!”

ಹಾಗಾಗಿ ಗಿರಾಕಿಗಳ ಕೌದಿಗೆ ದೊಡ್ಡಮ್ಮ ಅವಳನ್ನು ಕೂರಿಸುತ್ತಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ತನ್ನದೇ ಒಂದು ಕೌದಿ ಹೊಲಿಯುತ್ತಿದ್ದಳು, ಮಗಳಿಗೆಂದು. ಅವಳ ಹಳೇ ಚೂಡಿದಾರ, ಅವ್ವನ ಒಂದು ಹತ್ತಿ ಸೀರೆ, ಹೈಸ್ಕೂಲಿನ ನೀಲಿ ಯೂನಿಫಾರ್ಮು. ತೇಪೆ ಕೂಡಿಸಿ ಸುತ್ತ ಅಂಚು ಹೊಡೆದುಕೊಟ್ಟವಳು ದೊಡ್ಡಮ್ಮ. ಸಾಲು ಮಾತ್ರ ಸುಚಿಯ ಕೈಯದು.

ಡಿಸೆಂಬರಿನ ಒಂದು ಶುಕ್ರವಾರ, ಕೆಲಸ ಬೇಗ ಮುಗಿದು ಸಂಜೆಯೂ ಅದನ್ನೇ ಹಿಡಿದು ಕೂತಿದ್ದವಳು, ಅರ್ಧ ಸಾಲಿಗೆ ಸೂಜಿ ಚುಚ್ಚಿ ಎದ್ದಳು. “ಬಸ್ ಹೋಗ್ಬುಡ್ತದೆ ಲೀಲಾ. ನಾಳೆ ಮುಗುಸ್ತೀನಿ.” ಬಸ್ಸು ಇಳಿದ ಮೇಲೆ ತೋಟದ ನಡುವೆ ಒಂದು ಮೈಲಿ ನಡೆದರೆ ಅವರ ಮನೆ. ತಿರುವಿನಲ್ಲಿ ಆನೆ ನಿಂತಿತ್ತು. ಅದಕ್ಕಿಂತ ಹೆಚ್ಚಾಗಿ ನಾನು ಹೇಳಲಾರೆ.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ಬೆಟ್ಟಮ್ಮ ಅಂಗಡಿಗೆ ಬಂದಳು. ಕೂರು ಎಂದರೂ ಕೂರಲಿಲ್ಲ. ಬಾಗಿಲಲ್ಲೇ ನಿಂತು, “ಅವ್ಳು ಹೊಲೀತಿದ್ಲಲ್ಲ ಕೌದಿ, ಅದ್ನ ಮುಗ್ಸಿಕೊಡಿ ಲೀಲವ್ವ. ಮಗ ದಿನಾ ಕೇಳ್ತದೆ,” ಎಂದಳು. ಅಷ್ಟೇ ಹೇಳಿ ಹೋದಳು.

ಅವತ್ತು ಮಧ್ಯಾಹ್ನವೇ ನಾನು ಆ ಕೌದಿ ಬಿಡಿಸಿಕೊಂಡು ಕೂತೆ. ನಮ್ಮ ಕಸುಬಿನಲ್ಲಿ ಒಂದು ಕಟ್ಟು ಇದೆ: ಯಾರೋ ಅರ್ಧ ಹೊಲಿದ ಕೌದಿ ಬಂದರೆ ಮೊದಲು ಹಳೇ ಸಾಲೆಲ್ಲ ಬಿಚ್ಚಬೇಕು. ಒಂದೊಂದು ಕೈಯ ಬಿಗಿ ಒಂದೊಂದು ತರ. ಎರಡು ಕೈ ಬಿದ್ದ ಕೌದಿ ಮೊದಲ ಒಗೆತಕ್ಕೇ ಅರ್ಧ ಮುದುರಿ ಅರ್ಧ ಜೋಲುತ್ತದೆ. ದೊಡ್ಡಮ್ಮ ನನಗೆ ಕಲಿಸಿದ ಮೊದಲ ಪಾಠವೇ ಅದು. ಸುಚಿಯ ಮಗಳಿಗೆ ಹೋಗುವ ಕೌದಿ ಮುದುರಬಾರದು, ಹತ್ತು ವರ್ಷ ಬಾಳಬೇಕು ಎಂದು ನಾನು ಬ್ಲೇಡು ತೆಗೆದುಕೊಂಡು, ಬಟ್ಟೆಯ ಒಂದು ಎಳೆಗೂ ತಾಗದಂತೆ, ಅವಳ ಸಾಲನ್ನೆಲ್ಲ ಬಿಚ್ಚಿದೆ. ಅಳುತ್ತಲೇ ಬಿಚ್ಚಿದೆ. ಆದರೆ ಬಿಚ್ಚಿದೆ. ದಾರದ ತುಂಡುಗಳನ್ನು ಗುಡಿಸಿ, ದಿನಾ ಮಾಡುವ ಹಾಗೆ, ದಿಂಬಿಗೆ ತುಂಬುವ ಚಿಂದಿಯ ಚೀಲಕ್ಕೆ ಹಾಕಿದೆ.

ನಾಲ್ಕು ದಿನ ಬಿಟ್ಟು ಫೋನ್ ಬಂತು. ಪಕ್ಕದ ಮನೆಯವರ ಮೊಬೈಲಿನಿಂದ ಬೆಟ್ಟಮ್ಮ.

“ಲೀಲವ್ವ, ಸುಚಿ ಹೊಲ್ದಿರೋ ಸಾಲು ಎಷ್ಟವೆ, ವಸಿ ಎಣ್ಸಿ ಹೇಳವ್ವ. ಅಮ್ಮ ನಂಗೆ ಎಷ್ಟ್ ಹೊಲ್ದವ್ಳೆ ಅಂತ ಮಗ ಪ್ರಾಣ ತಿಂತದೆ. ಅವ್ಳ ಕೈಯಿಂದು ಅಂತ ಮನೇಲಿ ಇನ್ನೇನೂ ಇಲ್ಲ ಕಣವ್ವ. ಅದೊಂದೇ.”

ಕೌದಿ ಎದುರಿಗೇ ಇತ್ತು, ಬೋಳಾಗಿ. “ಎಣ್ಸಿ ಹೇಳ್ತೀನಿ ಬೆಟ್ಟಮ್ನೋರೆ,” ಎಂದು ಫೋನ್ ಇಟ್ಟೆ.

ಓಡಿಹೋಗಿ ಚಿಂದಿ ಚೀಲ ನೋಡಿದೆ. ಖಾಲಿ. ಹಿಂದಿನ ದಿನ ಸಂತೆಗೆಂದು ದೊಡ್ಡಮ್ಮ ಆರು ದಿಂಬು ತುಂಬಿದ್ದಳು. ಆರೂ ಹೋಗಿದ್ದವು, ಯಾರ ತಲೆಯಡಿಗೋ.

ಕೌದಿಯನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದೆ. ಆಗ ಕಂಡವು ತೂತುಗಳು. ಸವೆದ ಹತ್ತಿ ಬಟ್ಟೆಯಲ್ಲಿ, ಸೂಜಿ ಹೋದಲ್ಲೆಲ್ಲ ಚುಕ್ಕೆ ಇಟ್ಟ ಹಾಗೆ ಗುರುತು ಉಳಿದಿತ್ತು. ಬೆರಳಿಟ್ಟು ಎಣಿಸಿದೆ. ಹದಿನೇಳು ಸಾಲು, ಆಮೇಲೆ ಅರ್ಧ. ಫೋನ್ ಮಾಡಿ, “ಹದಿನೇಳೂವರೆ,” ಎಂದೆ.

ಆ ಕಡೆ ಬೆಟ್ಟಮ್ಮ ತಿರುಗಿ ಮಗುವಿಗೆ ಕೂಗಿ ಹೇಳಿದ್ದು ಕೇಳಿಸಿತು: “ಹದಿನೇಳೂವರೆ ಅಂತೆ ಕಣ್ ಮಗ!” ಮಗು ಏನೋ ಕೂಗಿ ಕುಣಿಯಿತು.

ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಮಷಿನ್ ನಿಲ್ಲಿಸಿದಳು. “ನಾನೇ ಕಲ್ಸಿದ್ದಲ್ವೇನೆ ನಿಂಗೆ, ಬಿಚ್ಚು ಅಂತ,” ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, “ತೂತು ಅವೆಯಲ್ಲ. ಅದ್ರಲ್ಲೇ ದಾರ ತೂರ್ಸು. ಎಲ್ಲಾರ್ ಗಂಟ್ಲೂ ಬತ್ತದೆ ನಿಂಗೆ. ಅವ್ಳ ಕೈ ಬರಲ್ವಾ? ಯಾರ್ಗೂ ಗೊತ್ತಾಗಲ್ಲ. ಆ ಹೆಣ್ಮಗಳ ಹೊಟ್ಟೆ ತಣ್ಣಗಿರ್ಲಿ,” ಎಂದಳು.

ಹೊಲಿದೆ. ತೂತಿನಿಂದ ತೂತಿಗೆ, ಅವಳು ಹೋದ ಕಡೆಯೇ ಹೋದೆ. ಅವಳು ಎಡಕ್ಕೆ ವಾಲಿದಲ್ಲಿ ವಾಲಿದೆ, ಜಗ್ಗಿದಲ್ಲಿ ಜಗ್ಗಿದೆ. ಎರಡನೇ ಸಾಲಿನ ನಡುವೆ ಹೊಲಿಗೆ ಹತ್ತಿರ ಹತ್ತಿರ, ಇರುವೆ ಸಾಲಿನಷ್ಟು ಸಣ್ಣದಾಗಿತ್ತು. ಮಾತಿಲ್ಲದೆ ತಲೆ ಬಗ್ಗಿಸಿ ಕೂತ ಯಾವುದೋ ದಿನದ್ದು. ಮೂರನೇ ಸಾಲಿನಲ್ಲಿ ಇದ್ದಕ್ಕಿದ್ದಂತೆ ಎರಡು ತೂತಿನ ನಡುವೆ ಹೆಬ್ಬೆರಳಿನಷ್ಟು ಅಂತರ. ಪಕ್ಕದಲ್ಲೇ ಒಣಗಿದ ರಕ್ತದ ಒಂದು ಕಂದು ಚುಕ್ಕೆ. ಬೆರಳು ಚುಚ್ಚಿಕೊಂಡದ್ದು. ಇದು ನಗುವಾಗ ಹೊಲಿದದ್ದು. ನಾನೇ ನಗಿಸಿದ್ದು. ಆ ಜಾಗದಲ್ಲಿ ಸೂಜಿ ಹಿಡಿದು ಕೂತ ನನಗೆ ಮುಂದೆ ಹೋಗಲು ಬಹಳ ಹೊತ್ತು ಹಿಡಿಯಿತು.

ನಾಲ್ಕನೇ ಸಾಲಿನಲ್ಲಿದ್ದಾಗ, ಹೇಳದೆ ಕೇಳದೆ, ಬೆಟ್ಟಮ್ಮ ಮಗುವಿನ ಕೈ ಹಿಡಿದುಕೊಂಡು ಬಾಗಿಲಿಗೆ ಬಂದಳು. ದೀಪಶ್ರೀಗೆ ನಾಲ್ಕು ವರ್ಷ. ಸ್ವೆಟರಿನ ತೋಳು ಉದ್ದವಾಗಿ ಬೆರಳೇ ಕಾಣುತ್ತಿರಲಿಲ್ಲ.

“ಇಲ್ಲೇ ಆಸ್ಪತ್ರೆಗೆ ಬಂದಿದ್ದೆ, ಮಗೀಗೆ ಕೆಮ್ಮು. ಹಂಗೇ ಒಂದ್ಸಲ ನೋಡ್ಕಂಡ್ ಹೋಗವ ಅಂತ,” ಎಂದು ಬೆಟ್ಟಮ್ಮ ನನ್ನ ಮಡಿಲಿಂದ ಕೌದಿಯ ಅಂಚು ಎಳೆದುಕೊಂಡಳು. ಅಂಗೈಯನ್ನು ಸಾಲಿನ ಮೇಲೆ ಆಡಿಸಿದಳು. ಕಾಫಿ ಕುಯ್ದು ಕುಯ್ದು ಬಿರಿದ ಅಂಗೈ. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. “ಅಯ್ಯೋ, ಅದೇ ಸೊಟ್ಟ! ಅದೇ ನನ್ ಮಗಳ್ದು,” ಎಂದು ಅಳುತ್ತಾ ನಕ್ಕಳು. ಮಗುವಿನ ತೋಳು ಮಡಚಿ, ಅದರ ಪುಟ್ಟ ಕೈಯನ್ನು ಆ ದಾರದ ಮೇಲೆ ಇಟ್ಟಳು. “ಮುಟ್ ಮಗ. ಇದು ನಿಮ್ಮಮ್ಮನ ಕೈ.”

ಮಗು ಮುಟ್ಟಿತು. ಹೊಲಿಗೆಯ ಮೇಲೆ ಬೆರಳು ಎಳೆಯುತ್ತಾ, “ಅಮ್ಮ,” ಎಂದಿತು ಸಣ್ಣಗೆ.

ದೊಡ್ಡಮ್ಮ ಮಷಿನ್ನಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಸುಮ್ಮನಿರು ಎನ್ನುವ ನೋಟ.

“ಅದು ಸುಚೀದಲ್ಲ, ಬೆಟ್ಟಮ್ನೋರೆ,” ಎಂದೆ. “ನಂದು. ಅವಳದ್ದು ನಾನು ಬಿಚ್ಚಿಬಿಟ್ಟೆ.”

ಅವಳಿಗೆ ಅರ್ಥವಾಗಲಿಲ್ಲ. ಎರಡನೇ ಸಲ, ಕಟ್ಟು, ಬಿಗಿ, ಒಗೆತ ಎಲ್ಲ ಬಿಡಿಸಿ ಹೇಳಬೇಕಾಯಿತು. ಹೇಳುತ್ತಾ ಹೋದ ಹಾಗೆ ಅದು ನನಗೇ ಎಂಥ ಬಡ ಕಾರಣವಾಗಿ ಕೇಳಿಸಿತೆಂದರೆ, ಅರ್ಧಕ್ಕೇ ನಿಲ್ಲಿಸಿದೆ.

“ಬಿಚ್ಚಿದ ದಾರ?”

“ದಿಂಬಿಗೆ ಹೋಯ್ತು.”

“ದಿಂಬು?”

“ಸಂತೇಲಿ ಹೋಯ್ತು.”

“ಯಾರ್ಗೆ?”

“ಗೊತ್ತಿಲ್ಲ.”

ಬೆಟ್ಟಮ್ಮ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಿದ್ದರೆ ಚೆನ್ನಾಗಿತ್ತು. “ಓದ್ದೋಳು ನೀನು. ಒಂದ್ ಮಾತು ಕೇಳ್ಬಾರ್ದಾಗಿತ್ತಾ?” ಎಂದಳು, ಅಷ್ಟೇ. ನಾನು ಕೌದಿಯನ್ನು ಮಡಿಲಿಂದ ಅವಳ ಕೈಗೆ ಬಿಟ್ಟೆ.

ಮೆಟ್ಟಿಲ ಮೇಲೆ ಕೂತು ಅವಳು ಕೌದಿಯನ್ನು ಮೊಣಕಾಲ ಮೇಲೆ ಹಾಸಿಕೊಂಡಳು. “ತೂತಾದ್ರೂ ಅವ್ಳದ್ದೇ ತಾನೆ?”

“ಹೂಂ. ಒಂದೊಂದೂ ಅವಳದ್ದೇ.”

“ಹಂಗಾರೆ ನಿನ್ ದಾರ ತಗಿ.”

“ಸಾಲಿಲ್ದೆ ಹೊದ್ಯಕಾಗಲ್ಲ ಬೆಟ್ಟಮ್ಮ,” ಎಂದು ದೊಡ್ಡಮ್ಮ ಮೆಲ್ಲಗೆ ಬಾಯಿ ಹಾಕಿದಳು. “ಒಳಗಿನ್ ಬಟ್ಟೆ ಎಲ್ಲಾ ಒಂದ್ ಕಡೆ ಮುದುರ್ಕಂಬುಡ್ತದೆ.”

“ತಗೀರಿ ಅಂದೆ. ನಾನ್ ಹೊಲಿತೀನಿ.”

ನನ್ನ ಮೂರು ಚಿಲ್ಲರೆ ಸಾಲನ್ನು ನಾನೇ ಬಿಚ್ಚಿದೆ. ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಬೆಟ್ಟಮ್ಮ ಕಾಫಿ ತುಂಬುವ ಚೀಲ ಹೊಲಿದವಳೇ ಹೊರತು ಕೌದಿ ಹೊಲಿದವಳಲ್ಲ. ಕಣ್ಣಿಗೆ ಪೊರೆ ಬೇರೆ. ಬಟ್ಟೆಯನ್ನು ಮೂಗಿನ ಹತ್ತಿರಕ್ಕೆ ಹಿಡಿದರೂ ಅವಳಿಗೆ ತೂತು ಕಾಣುತ್ತಿರಲಿಲ್ಲ. ಬೆರಳಿನಿಂದ ತಡಕಿದಳು. ಆ ಒರಟು ಬೆರಳಿಗೆ ಅವು ಸಿಗಲಿಲ್ಲ.

“ಎಲ್ಲೈತೆ?” ಎಂದಳು, ನನ್ನ ಮುಖ ನೋಡದೆ.

ನಾನು ಅವಳ ಪಕ್ಕ ಕೆಳಗೆ ಕೂತು ಬೆರಳಿಟ್ಟು ತೋರಿಸಿದೆ. “ಇಲ್ಲಿ.” ಅವಳು ಚುಚ್ಚಿದಳು. “ಇಲ್ಲಿ.” ಎಳೆದಳು. “ಈಗ ಇಲ್ಲಿ, ವಸಿ ಎಡಕ್ಕೆ.” ಮಗು ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೆಮ್ಮುತ್ತಾ ನೋಡುತ್ತಿತ್ತು. ಒಂದು ಸಾಲಿಗೆ ಒಂದು ಗಂಟೆಗಿಂತ ಹೆಚ್ಚೇ ಹಿಡಿಯಿತು. ಒಂದೆರಡು ಕಡೆ ಸೂಜಿ ಜಾರಿ ಪಕ್ಕದಲ್ಲಿ ಇಳಿಯಿತು. ಬೆಟ್ಟಮ್ಮ ಹಿಂದಕ್ಕೆ ಎಳೆದು ಮತ್ತೆ ಸರಿಯಾದ ತೂತನ್ನೇ ಕೇಳಿದಳು.

ಎರಡನೆಯ ಸಾಲಿನ ಕಾಲು ಭಾಗವಾಗುವಷ್ಟರಲ್ಲಿ ನಾಲ್ಕು ದಾಟಿತ್ತು. “ಬಸ್ಸು,” ಎಂದು ಅವಳು ಸೂಜಿ ಚುಚ್ಚಿ ಎದ್ದಳು. “ಮಿಕ್ಕಿದ್ದು ಮನೇಲಿ ಹೊಲ್ಕತೀನಿ.”

ಮನೆಯಲ್ಲಿ ತೂತು ತೋರಿಸುವವರು ಯಾರಿದ್ದಾರೆ? ಮಡಚಿ, ಹೊದ್ದು, ನಾಲ್ಕು ದಿನ ಬಳಸಿದರೆ ಸಾಕು, ಎಳೆಗಳು ಅತ್ತಿತ್ತ ಸರಿದು ಸೂಜಿಯ ಗುರುತು ಕೂಡಿಕೊಂಡುಬಿಡುತ್ತದೆ. ಅದನ್ನು ಹೇಳಿದೆ. “ಇಲ್ಲೇ ಬಿಟ್ಟು ಹೋಗಿ. ನೀವು ಬಂದಾಗ ಬಂದಾಗ ತೋರಿಸ್ತೀನಿ.”

“ಬ್ಯಾಡವ್ವ. ಇಲ್ಲಿ ಬಿಡಲ್ಲ.”

ಆ ಮಾತಿಗೆ ದೊಡ್ಡಮ್ಮ ತಲೆ ತಗ್ಗಿಸಿದಳು.

“ಹಂಗಾದ್ರೆ ಒಂದೈದು ನಿಮಿಷ,” ಎಂದು ನಾನು ಬಟ್ಟೆಗೆ ಗುರುತು ಹಾಕುವ ಕೆಂಪು ಚಾಕ್ ಹುಡುಕಿ ತಂದೆ. ಕೌದಿಯನ್ನು ಮೆಟ್ಟಿಲ ಬೆಳಕಿಗೆ ಹಾಸಿ, ಒಂದೊಂದು ತೂತಿನ ಪಕ್ಕದಲ್ಲೂ ಒಂದೊಂದು ಚುಕ್ಕೆ ಇಡುತ್ತಾ ಹೋದೆ. ಚುಕ್ಕೆ ದಪ್ಪಗಿದ್ದರೆ ಬೆಟ್ಟಮ್ಮನಿಗೆ ಕಾಣುತ್ತದೆ, ಆದರೆ ತೂತು ಮುಚ್ಚಿಹೋಗುತ್ತದೆ. ಸಣ್ಣಗಿಟ್ಟರೆ ಅವಳಿಗೆ ಕಾಣದು. ಎರಡನೆಯದರಲ್ಲಿ ಉಳಿದದ್ದು, ಮೂರು, ನಾಲ್ಕು, ಐದನೇ ಸಾಲು. ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರನ್ ಕೇಳಿಸಿತು. ಬೆಟ್ಟಮ್ಮ ಮಗುವನ್ನು ಸೊಂಟಕ್ಕೆ ಎತ್ತಿಕೊಂಡಳು. ಒಂಬತ್ತು. ಹತ್ತು. ಸುಚಿ ಕೊನೆಕೊನೆಗೆ ಸ್ವಲ್ಪ ನೆಟ್ಟಗೆ ಹೊಲಿಯುವುದನ್ನು ಕಲಿತಿದ್ದಳು ಎನ್ನುವುದು ಆಗ ನನ್ನ ಕಣ್ಣಿಗೆ ಬಿತ್ತು.

“ಸಾಕು ಬಿಡು,” ಎಂದು ಬೆಟ್ಟಮ್ಮ ಬಗ್ಗಿ ಕೌದಿ ಎಳೆದುಕೊಂಡಳು. ಹನ್ನೊಂದನೇ ಸಾಲು ಆಗ ತಾನೇ ಮುಗಿದಿತ್ತು. ಅವಳು ಅದನ್ನು ಮಡಚಿ, ಚಾಕ್ ಅಳಿಸಿಹೋಗಬಾರದೆಂದು ಮೇಲ್ಮೈಯನ್ನು ಒಳಗೆ ಮಾಡಿ, ಕಂಕುಳಲ್ಲಿ ಅವುಚಿಕೊಂಡು, ಗಲ್ಲಿಯಲ್ಲಿ ಆದಷ್ಟು ಬಿರುಸಾಗಿ ನಡೆದಳು. ಚುಕ್ಕೆ ಬೀಳದ ಸಾಲು ಇನ್ನೂ ಆರೂವರೆ ಉಳಿದಿತ್ತು.