ಸದ್ದಿಲ್ಲದೆ ಬಂದ ಕಾರು

ಮದುವೆಯಾಗಿ ಕಕ್ಕಿಂಜೆಯ ಮನೆಗೆ ಬಂದ ಮರುದಿನ ಸಂಜೆಯೇ ಕಾಂತಿ ಆ ಸದ್ದನ್ನು ಕೇಳಿದಳು. ಜಗಲಿಯಲ್ಲಿ ಕೂತು ಅಬ್ಬಲಿಗೆ ಹೂವು ಕಟ್ಟುತ್ತಿದ್ದಳು. ಚಾರ್ಮಾಡಿ ಘಾಟಿಯ ಕಡೆಯಿಂದ ಬರುವ ರಸ್ತೆ ಮನೆಯ ಹತ್ತಿರ ಇಳಿದು ತಿರುಗುವಲ್ಲಿ ಏನೋ ಕಿರ್ರೆಂದು ಚೀರಿತು. ಮೊದಲು ಸಣ್ಣಗೆ, ಆಮೇಲೆ ಯಾರೋ ಹೆಂಗಸು ಗಂಟಲು ಹರಿಯುವಂತೆ ಕೂಗಿದ ಹಾಗೆ. ಕಾಂತಿಯ ಹಲ್ಲು ಜುಮ್ಮೆಂದಿತು. ತಿರುವಿನಿಂದ ಗಂಡ ರಮಾನಾಥನ ಕಪ್ಪು ಬಾಡಿಗೆ ಕಾರು ಹೊರಬಿದ್ದಾಗ, ಅಯ್ಯೋ, ಬ್ರೇಕಿನ ಸದ್ದೇ ಅಂತ ನಗು ಬಂತು.

ಕಾಲು ತೊಳೆಯಲು ನೀರು ತರೋಣವೆಂದು ಎದ್ದವಳು ಹಾಗೆಯೇ ನಿಂತಳು. ಜಗಲಿಯ ಅಂಚಿನಲ್ಲಿ ತುಂಬಿದ ಚೆಂಬು ಇತ್ತು. ಬೆಳಿಗ್ಗೆ ಅವಳೇ ಹುಳಿ ಹಚ್ಚಿ ತಿಕ್ಕಿ, ಒಳಗೆ ಬಾಗಿಲ ಸಂದಿಯಲ್ಲಿ ಕವುಚಿ ಹಾಕಿದ್ದ ಕಂಚಿನ ಚೆಂಬು. ಈಗಷ್ಟೇ ಇಟ್ಟಂತೆ ನೀರು ಇನ್ನೂ ತುಳುಕುತ್ತಿತ್ತು. ಮನೆಯಲ್ಲಿ ಅವಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ರಮಾನಾಥ ಬಂದ. ಚೆಂಬು ಎತ್ತಿ ಕಾಲ ಮೇಲೆ ನೀರು ಹೊಯ್ದುಕೊಂಡ. ಅದು ಅಲ್ಲಿರುವುದು ಸೂರ್ಯ ಮುಳುಗಿದಷ್ಟೇ ಸಹಜ ಎಂಬಂತೆ ಒಳಗೆ ನಡೆದ.

"ನೀವು ಬೆಳಿಗ್ಗೆಯೇ ನೀರು ತುಂಬಿಸಿ ಇಟ್ಟು ಹೋದದ್ದಾ?" ಎಂದು ಕಾಂತಿ ಕೇಳಿದಳು.

"ಯಾವ ನೀರು?" ಎಂದ ಅವನು, ತಿರುಗಿ ನೋಡದೆ.

ಕಾಂತಿ ಸುಲಭಕ್ಕೆ ಹೆದರುವವಳಲ್ಲ. ಮೂಡುಬಿದಿರೆಯಲ್ಲಿ ತಾಯಿಯಿಲ್ಲದ ಮನೆಯನ್ನು ನಡೆಸಿ, ತಮ್ಮ-ತಂಗಿಯರಿಗೆ ದಾರಿ ತೋರಿಸಿ, ಮೂವತ್ತರ ಹತ್ತಿರ ಬಂದ ಮೇಲೆ ಹೆಂಡತಿ ಸತ್ತವನ ಕೈ ಹಿಡಿದವಳು. ಅಣ್ಣ ಸುಧಾಕರನ ಸೈಕಲ್ ಅಂಗಡಿಯ ಎಣ್ಣೆ, ಕಬ್ಬಿಣದ ವಾಸನೆಯಲ್ಲೇ ಬೆಳೆದಿದ್ದಳು. ಕೂಗುವ ಬ್ರೇಕಿಗೆ ಏನೋ ಕಾರಣ ಇದ್ದೇ ಇರುತ್ತದೆ ಎಂಬುದು ಗೊತ್ತಿತ್ತು. ಚೆಂಬಿಗೂ ಒಂದು ಕಾರಣ ಇರಬೇಕು ಎಂದುಕೊಂಡಳು. ಇನ್ನೊಂದು ದಿನ ಅದನ್ನು ಮರದ ಪೆಟ್ಟಿಗೆಯೊಳಗೆ ಸೀರೆಗಳ ಅಡಿಗೆ ಇಟ್ಟು ಚಿಲಕ ಹಾಕಿದಳು. ಸಂಜೆ ತಿರುವಿನಲ್ಲಿ ಬ್ರೇಕು ಚೀರಿತು. ಒಳಗಿನಿಂದ ಬಳೆಯ ಸದ್ದು ಬಂದ ಹಾಗಾಯಿತು. ಅವಳು ಹೊರಗೆ ಓಡಿದರೆ ಚೆಂಬು ಜಗಲಿಯ ಅಂಚಿನಲ್ಲಿತ್ತು. ಹೋಗಿ ಪೆಟ್ಟಿಗೆ ತೆಗೆದು ನೋಡಿದಳು. ಮೇಲಿನ ಸೀರೆಯ ಮೇಲೆ ಒದ್ದೆ ಕೈಯ ಗುರುತು ಇತ್ತು.

ಬೇಲಿಯಾಚೆಯ ಮೈಮೂನಮ್ಮನಲ್ಲಿ ಕೇಳಿದಳು. ಮುದುಕಿ ಮೊದಲು ಮಾತು ತಪ್ಪಿಸಿದಳು. ಆಮೇಲೆ ಎಲೆಯಡಿಕೆ ಉಗಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಅವನ ಮೊದಲ ಹೆಂಡತಿ ಸ್ವರ್ಣಲತಾ ಒಳ್ಳೆ ಹೆಂಗಸು, ಮಗಳೇ. ಆ ಕಾರು ತಿರುವಿನಲ್ಲಿ ಕೂಗಿದ ಕೂಡಲೇ ಇವಳು ಒಲೆಯ ಮೇಲಿನ ಬಿಸಿನೀರು ಬೆರೆಸಿ ಚೆಂಬು ತಂದಿಡುವುದು. ಅವನು ಮೆಟ್ಟಿಲು ಹತ್ತುವಾಗ ನೀರು ರೆಡಿ. ನಾವೆಲ್ಲ ತಮಾಷೆ ಮಾಡ್ತಾ ಇದ್ದೆವು. ಕಡೆಗೆ ಜ್ವರ ಬಂತು. ವಿಷಮ ಜ್ವರ. ಅವನು ಮದುವೆ ದಿಬ್ಬಣವನ್ನು ಮೂಡಿಗೆರೆಗೆ ಬಿಡ್ಲಿಕ್ಕೆ ಹೋಗಿದ್ದ. ಬರುವಾಗ ಘಾಟಿಯಲ್ಲಿ ಯಾವುದೋ ಲಾರಿ ಅಡ್ಡ ಬಿದ್ದು ದಾರಿ ಬಂದ್. ಇಲ್ಲಿ ಇವಳ ಉಸಿರು ನಿಲ್ಲುವವರೆಗೂ ಒಂದೇ ಮಾತು. ಕಾರು ಕೂಗಿತಾ ಮೈಮೂನಮ್ಮ, ಕೂಗಿತಾ ಅಂತ. ನಾನು ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ."

"ಮತ್ತೆ ಇವರು ಯಾವಾಗ ಬಂದದ್ದು?"

"ಎಲ್ಲ ಮುಗಿದ ಮೇಲೆ. ಗದ್ದೆಯ ಬದಿಯಲ್ಲಿ ಚಿತೆಯ ಬೂದಿ ಕೂಡ ತಣ್ಣಗಾಗಿತ್ತು." ಮೈಮೂನಮ್ಮ ಬೇಲಿಯ ಮೇಲಿಂದ ಜಗಲಿಯ ಕಡೆ ಕೈ ತೋರಿಸಿದಳು. "ಆವತ್ತು ಕಾರು ತಿರುವಿನಲ್ಲಿ ಕೂಗಿದಾಗ ನಾನು ನಿಮ್ಮ ಜಗಲಿ ನೋಡಿದೆ. ಚೆಂಬು ಇತ್ತು, ಮಗಳೇ."

ಆ ರಾತ್ರಿ ಕಾಂತಿ ಗಂಡನಲ್ಲಿ ಏನೂ ಕೇಳಲಿಲ್ಲ. ಸದ್ದು ದಿನದಿಂದ ದಿನಕ್ಕೆ ಕರ್ಕಶವಾಗುತ್ತಿತ್ತು. ಚೀರುವುದರ ಜೊತೆಗೆ ಈಗ ಕಲ್ಲು ಅರೆದಂತೆ ಇನ್ನೊಂದು ಸದ್ದೂ ಸೇರಿಕೊಂಡಿತ್ತು. ಬ್ರೇಕು ತೇದು ಮುಗಿಯುತ್ತ ಬಂದಿದೆ ಎಂದು ಅಂಗಡಿಯಲ್ಲಿ ಬೆಳೆದ ಕಿವಿಗೆ ಗೊತ್ತಾಯಿತು. ಹೇಳಿದರೆ ರಮಾನಾಥ, "ಇರಲಿ, ಹಳೆ ಕಾರಲ್ಲವಾ" ಎಂದು ಬೀಡಿ ಹಚ್ಚುತ್ತಿದ್ದ.

ತಂಗಿಯ ಸೀಮಂತಕ್ಕೆಂದು ಇಬ್ಬರೂ ಮೂಡುಬಿದಿರೆಗೆ ಹೊರಟ ದಿನ ಅದು ನಡೆಯಿತು. ಗುರುವಾಯನಕೆರೆ ದಾಟಿ ಒಂದು ಇಳಿಜಾರಿನಲ್ಲಿ ಎದುರಿಗೆ ಎತ್ತಿನ ಗಾಡಿ ಬಂತು. ರಮಾನಾಥ ಪೆಡಲು ಒತ್ತಿದ. ಕಾರು ಕೂಗಿತು, ನಿಲ್ಲಲಿಲ್ಲ. ಇನ್ನೂ ಒತ್ತಿದ. ಕೂಗು ಏರಿತೇ ಹೊರತು ಚಕ್ರ ಹಿಡಿಯಲಿಲ್ಲ. ಕೊನೆಗೆ ಅವನು ಸ್ಟೇರಿಂಗು ಎಳೆದು ಕಾರನ್ನು ರಸ್ತೆ ಬದಿಯಲ್ಲಿ ಗೋಡೆಯಂತೆ ಎದ್ದ ಮುರಕಲ್ಲಿನ ಧರೆಗೆ ಒರಗಿಸಿದ. ಧೂಳು ಇಳಿದಾಗ ಗಾಡಿಯವನು ಎತ್ತಿನ ಕೊರಳು ಹಿಡಿದು ನಿಂತು ಬೈಯುತ್ತಿದ್ದ. ಕಾಂತಿಯ ಹಣೆ ತರಚಿತ್ತು. ರಮಾನಾಥ ಇನ್ನೂ ಪೆಡಲು ಒತ್ತಿಕೊಂಡೇ ಕೂತಿದ್ದ.

"ಸೀಮಂತ ಆಮೇಲೆ," ಎಂದಳು ಕಾಂತಿ. "ಬಂಟ್ವಾಳಕ್ಕೆ ಬಿಡಿ. ಮೆಲ್ಲ ಬಿಡಿ, ಬ್ರೇಕು ಮುಟ್ಟದೆ, ಗೇರಿನಲ್ಲೇ."

ಬಂಟ್ವಾಳದಲ್ಲಿ ಇದಿನಬ್ಬನ ಗ್ಯಾರೇಜು ಪೇಟೆಯ ಕೊನೆಗೆ, ಹೊಳೆ ಕಾಣುವ ಜಾಗದಲ್ಲಿತ್ತು. ಇದಿನಬ್ಬ ದಪ್ಪ ಮೈಯ, ಮೆಲುಮಾತಿನ ಮನುಷ್ಯ. ಜಾಕಿ ಕೊಟ್ಟು ಚಕ್ರ ಬಿಚ್ಚಿ, ಡ್ರಮ್ಮನ್ನು ಸುತ್ತಿಗೆಯಿಂದ ತಟ್ಟಿ ಹೊರಗೆ ಎಳೆದು ಹಲಗೆಯ ಮೇಲಿಟ್ಟ. ಅದರ ಒಳಮೈಯಲ್ಲಿ ಉತ್ತ ಗದ್ದೆಯ ಹಾಗೆ ಗೀರುಗಳಿದ್ದವು.

"ನೋಡಿ ಅಮ್ಮ," ಎಂದು ಅವನು ಬ್ರೇಕ್ ಶೂ ಎತ್ತಿ ತೋರಿಸಿದ. "ಇದರ ಮೇಲೆ ಅಂಟಿದ ಹಾಗೆ ಉಂಟಲ್ಲ, ಅದು ಲೈನಿಂಗು. ಇದು ಡ್ರಮ್ಮಿನ ಒಳಗೆ ಉಜ್ಜಿಯೇ ಚಕ್ರ ನಿಲ್ಲುವುದು. ಇದು ಪೂರ್ತಿ ತೇದು ರಿವೆಟ್ಟಿನ ತಲೆ ಹೊರಗೆ ಬಂದುಂಟು. ಲೋಹಕ್ಕೆ ಲೋಹ ಉಜ್ಜಿದ್ರೆ ಕೂಗದೆ ಏನು ಮಾಡ್ತದೆ?"

"ಮೊದಲಿನಿಂದಲೂ ಕೂಗ್ತಾ ಇತ್ತು ಸಾಹೇಬ್ರೆ," ಎಂದಳು ಕಾಂತಿ.

ಇದಿನಬ್ಬ ರಮಾನಾಥನ ಮುಖ ನೋಡಿದ. ರಮಾನಾಥ ಹೊಳೆಯ ಕಡೆ ನೋಡುತ್ತಿದ್ದ.

"ಹೇಳ್ತೇನೆ, ಬೇಜಾರು ಮಾಡಬೇಡಿ," ಎಂದ ಇದಿನಬ್ಬ. "ಹೋದ ವರ್ಷ ನಾನು ಲೈನಿಂಗಿನ ಅಂಚು ಅರದಲ್ಲಿ ಉಜ್ಜಿ ಕೊಟ್ಟೆ. ಸದ್ದು ನಿಂತಿತು. ಇವರು ಮರುದಿನವೇ ವಾಪಸು. ಸದ್ದು ಬೇಕಂತೆ! ಗಟ್ಟಿ ಜಾತಿಯ ಲೈನಿಂಗನ್ನೇ ಹಾಕಿ, ಅಂಚು ಮುಟ್ಟಬೇಡಿ, ಡ್ರಮ್ಮನ್ನೂ ಮುಟ್ಟಬೇಡಿ ಅಂತ. ಈ ಕೆಲಸ ಕಲಿತ ಮೇಲೆ, ಬ್ರೇಕು ಕೂಗುವ ಹಾಗೆ ಮಾಡಿಕೊಡಿ ಅಂತ ನನ್ನಲ್ಲಿ ಕೇಳಿದವರು ಇವರೊಬ್ಬರೇ."

ಕಾಂತಿ ಗಂಡನ ಹತ್ತಿರ ಹೋದಳು. ಕೆಳಗೆ ನೇತ್ರಾವತಿಯಲ್ಲಿ ಹಂಚು ತುಂಬಿದ ದೋಣಿಯೊಂದು ಹೋಗುತ್ತಿತ್ತು. ಅವನೇ ಮಾತು ತೆಗೆದ.

"ನಾನು ಬಂದದ್ದು ಅವಳಿಗೆ ಬೇರೆ ಯಾವುದರಿಂದಲೂ ಗೊತ್ತಾಗುವುದಿಲ್ಲ ಕಾಂತಿ. ಆ ಸದ್ದು ಒಂದೇ."

"ಅವರು ಇರುವುದು ನಿಮಗೆ ಗೊತ್ತುಂಟು ಹಾಗಾದ್ರೆ."

"ನೀರು ಬೆಚ್ಚಗೆ ಇರ್ತದೆ," ಎಂದ ರಮಾನಾಥ. "ನಾನು ಕಾಲಿಗೆ ಹೊಯ್ಯುವಾಗ. ದಿನಾ ಬೆಚ್ಚಗೆ ಇರ್ತದೆ."

ಕಾಂತಿಗೆ ಅವನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಮರುಕವೂ ಬಂತು. ತಾನು ಈ ಮನೆಗೆ ಬಂದು ಇಷ್ಟು ದಿನವಾದರೂ ತನ್ನ ಕೈಯ ನೀರಿನಲ್ಲಿ ಇವನು ಕಾಲು ತೊಳೆದದ್ದಿಲ್ಲ ಎಂಬುದೂ ನೆನಪಾಯಿತು. ಅದನ್ನು ಹೇಳಲಿಲ್ಲ.

"ಇವತ್ತು ಗಾಡಿಯವನು ಸಾಯ್ತಿದ್ದ. ನಾಳೆ ಘಾಟಿಯಲ್ಲಿ ನಿಮ್ಮ ಹಿಂದಿನ ಸೀಟಿನಲ್ಲಿ ಯಾರ್ಯಾರು ಇರ್ತಾರೋ. ಅವರವರ ಮನೆಯಲ್ಲೂ ಯಾರಾದರೂ ಕಾಯ್ತಾ ಇರ್ತಾರಲ್ಲ?"

ರಮಾನಾಥ ಜೇಬಿನಿಂದ ದುಡ್ಡು ತೆಗೆದು ಅವಳ ಕೈಯಲ್ಲಿಟ್ಟ. "ನೀನೇ ನೋಡು," ಎಂದ. "ನನ್ನ ಕೈಯಲ್ಲಿ ಆಗುವುದಿಲ್ಲ."

ಹಾಗೆ ಕಾಂತಿಯೇ ಹಲಗೆಯ ಮುಂದೆ ನಿಂತಳು. ಇದಿನಬ್ಬ ಎರಡು ಬಗೆಯ ಲೈನಿಂಗು ತಂದಿಟ್ಟ. ಒಂದು ಕಲ್ಲಿನಂತೆ ಗಟ್ಟಿ. ಬಹಳ ಕಾಲ ಬಾಳುತ್ತದೆ, ಆದರೆ ಬಾಯಿ ದೊಡ್ಡದು. ಇನ್ನೊಂದು ಚಾಪೆಯ ಹಾಗೆ ನೇಯ್ದದ್ದು, ನಡುನಡುವೆ ಹಿತ್ತಾಳೆ ತಂತಿ. ಬೇಗ ತೇಯುತ್ತದೆ, ಹಿಡಿತ ಮೆತ್ತಗೆ, ಸದ್ದಿಲ್ಲ. ಬೇಗ ಬೇಗ ಬಂದು ತೋರಿಸುವುದಾದರೆ ಘಾಟಿಗೂ ಇದು ಸಾಕು ಎಂದ. ಡ್ರಮ್ಮನ್ನು ಲೇತು ಯಂತ್ರಕ್ಕೆ ಕೊಟ್ಟು ಒಳಮೈ ನುಣುಪಾಗಿ ಕಡೆಸಿದರೆ ಆಗದೇ ಎಂದು ಕಾಂತಿ ಕೇಳಿದಳು.

"ಇದು ಮೊದಲೇ ಕಡೆದು ತೆಳುವಾದದ್ದು ಅಮ್ಮ. ಇನ್ನು ಕಡೆದರೆ ಹಪ್ಪಳ ಆಗ್ತದೆ. ಬಿಸಿಗೆ ಒಡೆದರೆ ಮುಗೀತು. ಹೊಸದು ಮಂಗಳೂರಿನಿಂದ ತರಿಸುವ."

ಕಾಂತಿ ನೇಯ್ದ ಲೈನಿಂಗಿನ ಮೇಲೆ ಬೆರಳಾಡಿಸಿದಳು. "ಇದೇ ಇರಲಿ. ಡ್ರಮ್ಮು ಹೊಸದೇ ಬರಲಿ," ಎಂದಳು. ಯಾರದೋ ಬಾಯಿಗೆ ಬಟ್ಟೆ ತುರುಕಿದ ಹಾಗೆ ಅನ್ನಿಸಿ ಕೈ ಹಿಂದಕ್ಕೆ ತೆಗೆದಳು.

ಕಾರು ರಿಪೇರಿಯಾಗಿ ಮನೆಗೆ ಬಂದ ಸಂಜೆ ತಿರುವಿನಲ್ಲಿ ಯಾವ ಸದ್ದೂ ಆಗಲಿಲ್ಲ. ರಮಾನಾಥ ಅಂಗಳದಲ್ಲಿ ಇಳಿದು ಜಗಲಿಯ ಅಂಚು ನೋಡಿದ. ಅಲ್ಲಿ ಏನೂ ಇರಲಿಲ್ಲ. ಕಾಂತಿ ತಾನೇ ನೀರು ತಂದಳು. ಅವನು ತೊಳೆದುಕೊಂಡ, ಉಣ್ಣದೆ ಮಲಗಿದ.

ಇಷ್ಟಕ್ಕೆ ಎಲ್ಲ ಮುಗಿಯಿತು ಎಂದು ಕಾಂತಿ ಅಂದುಕೊಂಡಳು. ಮುಗಿಯಲಿಲ್ಲ.

ಮರುದಿನ ಮಧ್ಯಾಹ್ನವೇ ಜಗಲಿಯಲ್ಲಿ ಚೆಂಬು ತುಂಬಿ ನಿಂತಿತ್ತು. ಚೆಲ್ಲಿ ಒಳಗಿಟ್ಟಳು. ಅಡುಗೆಮನೆಯಿಂದ ಬರುವಷ್ಟರಲ್ಲಿ ಮತ್ತೆ ತುಂಬಿತ್ತು. ದಿನ ಕಳೆದ ಹಾಗೆ ಅದರ ಪಕ್ಕದಲ್ಲಿ ಕೊಡಪಾನ, ಲೋಟ, ದೇವರ ಕೋಣೆಯ ಗಿಂಡಿ, ಕೊನೆಗೆ ಅಕ್ಕಿ ಅಳೆಯುವ ಸೇರು ಕೂಡ ತುಂಬಿ ಸಾಲಾಗಿ ನಿಲ್ಲತೊಡಗಿದವು. ಬಿಸಿನೀರು ತಣ್ಣಗಾಗುತ್ತಿತ್ತು, ಮತ್ತೆ ಬಿಸಿಯಾಗುತ್ತಿತ್ತು. ಬಾವಿಯ ರಾಟೆ ತನ್ನಷ್ಟಕ್ಕೆ ತಿರುಗುವುದನ್ನು ಕಾಂತಿ ಹಗಲಿನಲ್ಲೇ ಕಂಡಳು. ಜಗಲಿಯಿಂದ ಇಳಿದ ಒದ್ದೆ ಹೆಜ್ಜೆಗಳು ಅಂಗಳ ದಾಟಿ ರಸ್ತೆಯ ತಿರುವಿನವರೆಗೆ ಹೋಗುತ್ತಿದ್ದವು, ಅಲ್ಲಿ ನಿಂತು ಮತ್ತೆ ವಾಪಸು ಬರುತ್ತಿದ್ದವು. ಬಿಸಿಲಿಗೆ ಆರುವ ಮೊದಲೇ ಅವುಗಳ ಮೇಲೆ ಹೊಸ ಹೆಜ್ಜೆ ಬೀಳುತ್ತಿತ್ತು. ಗಂಡ ಮನೆಯೊಳಗೆ ಕೂತಿರುವಾಗಲೂ ಅವು ನಿಲ್ಲುತ್ತಿರಲಿಲ್ಲ.

ಆಗ ಕಾಂತಿಗೆ ತಿಳಿಯಿತು. ಅವನು ಬರುವ ಹೊತ್ತು ಸ್ವರ್ಣಲತಾಳಿಗೆ ಇನ್ನು ಗೊತ್ತಾಗುವುದಿಲ್ಲ. ಆದ್ದರಿಂದ ಹೊತ್ತುಗೊತ್ತಿಲ್ಲದೆ ಕಾಯುತ್ತಿದ್ದಾಳೆ. ಅವಳ ಪಾಲಿಗೆ ಅವನು ಇನ್ನೂ ಘಾಟಿಯಲ್ಲೇ ಇದ್ದಾನೆ.

ರಮಾನಾಥ ಸೊರಗಿದ. ಒಂದು ದಿನ ಹೆಜ್ಜೆಗಳನ್ನು ದಾಟಲಾರದೆ ಅಂಗಳದಲ್ಲೇ ಕುಸಿದು ಕೂತ. "ನಾಳೆಯೇ ಬಂಟ್ವಾಳಕ್ಕೆ ಹೋಗಿ ಹಳೆ ಡ್ರಮ್ಮು ಹಾಕಿಸ್ತೇನೆ," ಎಂದ. "ನಾನು ಎಲ್ಲಿಯಾದರೂ ಬಿದ್ದು ಸತ್ತರೂ ಸರಿ. ಅವಳನ್ನು ಹೀಗೆ ನೋಡಲಿಕ್ಕೆ ಆಗುವುದಿಲ್ಲ."

"ಸದ್ದೇ ಯಾಕೆ ಬೇಕು?" ಎಂದಳು ಕಾಂತಿ. "ನಿಮಗೆ ಬಾಯಿ ಇಲ್ವಾ? ಅವರು ಹೋದ ಮೇಲೆ ಒಂದು ದಿನವಾದರೂ, ಬಂದೆ ಅಂತ ಬಾಯಿ ಬಿಟ್ಟು ಹೇಳಿದ್ದುಂಟಾ?"

ಅವನು ತಲೆ ಅಲ್ಲಾಡಿಸಿದ. ಅಂಗಳದಲ್ಲಿ ಇನ್ನೂ ಬೆಳಕಿತ್ತು. ಅವನಿಂದ ಆಗುವುದಿಲ್ಲವೆಂದು ಕಂಡು ಕಾಂತಿಯೇ ತಿರುವಿನ ಕಡೆ ಮುಖ ಮಾಡಿದಳು. ಸತ್ತವಳನ್ನು ಕರೆಯಲು ಶಾಲೆಯ ಕನ್ನಡ ಬಾಯಿಗೆ ಬರಲಿಲ್ಲ. ಮನೆಯ ತುಳುವೇ ಬಂತು.

"ಅಕ್ಕಾ, ಆರ್ ಬತ್ತೆರ್. ಉಳಾಯಿ ಬಲೆ."

ಅವರು ಬಂದಿದ್ದಾರೆ, ಒಳಗೆ ಬನ್ನಿ ಎಂದು ಕರೆದಳು. ಗಾಳಿ ಕೂಡ ಇರಲಿಲ್ಲ. ತಿರುವಿನ ಹತ್ತಿರ ಮಣ್ಣಿನಲ್ಲಿ ನಿಂತಿದ್ದ ಹೆಜ್ಜೆಗಳು ತಿರುಗಿದವು. ಒಂದೊಂದಾಗಿ ಅಂಗಳಕ್ಕೆ ಬಂದವು. ರಮಾನಾಥ ಕೂತಿದ್ದಲ್ಲಿಗೆ ಬಂದು, ಅವನ ಮುಂದೆ ಜೋಡಿಯಾಗಿ ನಿಂತವು.

"ಸ್ವರ್ಣ," ಎಂದ ರಮಾನಾಥ. ಅವನ ಸ್ವರ ಸಣ್ಣ ಮಗುವಿನದಾಗಿತ್ತು. "ಲಾರಿ ಅಡ್ಡ ಬಿದ್ದಿತ್ತು. ದಾರಿ ಬಿಡಲಿಲ್ಲ. ನಡೆದು ಬರಬೇಕಿತ್ತು, ಹೊಳೆಯಲಿಲ್ಲ ನನಗೆ. ಈಗ ಬಂದೆ."

ಅವನು ಅಂಗಳದ ಮಣ್ಣಿಗೆ ಹಣೆ ಹಚ್ಚಿ ಅತ್ತ. ಕಾಂತಿ ಹತ್ತಿರ ಹೋಗಲಿಲ್ಲ. ಬೇಲಿಯಾಚೆ ಮೈಮೂನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕತ್ತಲಾಗುವ ಮೊದಲು ಎರಡು ಹೆಜ್ಜೆಗಳೂ ಆರಿಹೋದವು.

ಅಂದಿನಿಂದ ಪಾತ್ರೆಗಳು ಒಳಗೆ ಇಟ್ಟಲ್ಲೇ ಇದ್ದವು. ರಮಾನಾಥ ಲೈನಿಂಗು ತೇಯುವ ಮೊದಲೇ ಬಂಟ್ವಾಳಕ್ಕೆ ಹೋಗಿ ಬದಲಿಸಿಕೊಂಡು ಬರುತ್ತಿದ್ದ. ಕಾರಿನಿಂದ ಇಳಿದ ಕೂಡಲೇ, ಯಾರು ನಕ್ಕರೂ ಸರಿ, "ಬಂದೆ" ಎಂದು ಗಟ್ಟಿಯಾಗಿ ಹೇಳುವುದು ಅವನಿಗೆ ರೂಢಿಯಾಯಿತು. ಕಾಂತಿ ತಂದ ನೀರಿನಲ್ಲಿ ಕಾಲು ತೊಳೆಯುತ್ತಿದ್ದ.

ಆದರೆ ಸ್ವರ್ಣಲತಾ ಪೂರ್ತಿ ಹೋದಳೆಂದು ಹೇಳುವ ಹಾಗಿಲ್ಲ. ಮಳೆ ಮುಗಿದ ಒಂದು ಸಂಜೆ ರಮಾನಾಥ ಮಂಗಳೂರಿಗೆ ಬಾಡಿಗೆ ಹೋದವನು ಬರುವುದು ತಡವಾಯಿತು. ಕಾಂತಿ ಬಸುರಿ, ಸೊಂಟ ನೋಯುತ್ತಿತ್ತು. ಜಗಲಿಯಲ್ಲಿ ಚಾಪೆ ಹಾಸಿ ಕಾಲು ಚಾಚಿ ರಸ್ತೆ ನೋಡುತ್ತಿದ್ದಳು. ಪಕ್ಕದಲ್ಲಿ ಬಳೆ ಸದ್ದಾಯಿತು. ಬೆಚ್ಚಗಿನ, ಒದ್ದೆ ಮಣ್ಣಿನ ವಾಸನೆ ಬಂತು. ಕಾಂತಿಯ ಕೈಯ ರೋಮಗಳು ಎದ್ದು ನಿಂತವು. ಓಡಬೇಕೆನಿಸಿತು. ಓಡಲಿಲ್ಲ.

"ಇನ್ನೂ ಬರಲಿಲ್ಲ ಅಕ್ಕ," ಎಂದು ಹೇಳಿ, ಸ್ವಲ್ಪ ಸರಿದು ಚಾಪೆಯ ಅರ್ಧ ಬಿಟ್ಟುಕೊಟ್ಟಳು.